ಜಪ್ತಿಯಾದ ಕಾರಿನಲ್ಲೊಂದು ಕುಂಬಳಕಾಯಿ

ನಮ್ಮ ಕಾಕಾರಷ್ಟು ಕಾನೂನಿಗೆ ಹೆದರುವ ಮನುಷ್ಯ ಈ ಆಸ್ಟ್ರೇಲಿಯಾ ಖಂಡದಲ್ಲಿ ಇನ್ನೊಬ್ಬರಿಲ್ಲ. ಆದ್ದರಿಂದಲೇ ಸರ್ಕಾರದವರು ಬಂದು ಅವರ ಕಾರನ್ನು ಎತ್ತಿಕೊಂಡು ಹೋದರು!

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಧಾರವಾಡದವರು, ಮೆಲ್ಬರ್ನ್‌ನ ವೆರಿಬೀಯಲ್ಲಿ ನೆಲೆಸಿ ಅಲ್ಲೇ ಕೂದಲು ನರೆಸಿಕೊಂಡವರು. ರಸ್ತೆಯಲ್ಲಿ ಪೊಲೀಸ್ ಗಾಡಿ ಕಂಡಿತೋ, ಕಾರನ್ನು ಎಡಕ್ಕೆ ನಿಲ್ಲಿಸಿ, ಯಾರೂ ಕೇಳದಿದ್ದರೂ ಲೈಸೆನ್ಸ್ ತೆಗೆದು ಕಿಟಕಿಯಲ್ಲಿ ಹಿಡಿದು ಕೂರುತ್ತಾರೆ. ಪೊಲೀಸಿನವನು ನಕ್ಕು ಕೈ ಬೀಸಿ ಮುಂದೆ ಹೋಗುತ್ತಾನೆ. ಅವನು ನಕ್ಕನಲ್ಲ, ಅದಕ್ಕೂ ಇವರಿಗೆ ನಿದ್ದೆಯಿಲ್ಲ! "ನನ್ನ ಮಾರಿ ನೋಡಿ ನಕ್ಕಾನೋ ತಮ್ಮಾ. ಗುರ್ತು ಇಟ್ಕೊಂಡಾನ" ಎಂದು ನನಗೆ ಸಿಡ್ನಿಗೆ ಫೋನು.

ವಿಮಾನವೆಂದರೂ ಅಷ್ಟೇ. ಊರಿನಿಂದ ಬರುವಾಗ ಕಣ್ಣು ಮುಚ್ಚಿಕೊಂಡು ಕೂತು ಬಂದರಂತೆ. ಇಳಿದವರು ಮತ್ತೆ ಹತ್ತಿಲ್ಲ. ಹಾಗಾಗಿ, ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿರುವ ಮಗಳಿಗೆ ಹೆರಿಗೆಯಾದಾಗ ಬಾಣಂತನಕ್ಕೆ ಕಾಕು, ಅಂದರೆ ನಮ್ಮ ಚಿಕ್ಕಮ್ಮ, ಒಬ್ಬರೇ ಹೋದರು. ಕಾಕಾ ವೆರಿಬೀಯಲ್ಲೇ ಉಳಿದರು. "ಹೆದ್ದಾರಿಯಲ್ಲಿ ಗಾಡಿ ಓಡಿಸಿಕೊಂಡಾದರೂ ಬನ್ನಿ" ಎಂದರೆ, "ಆ ಟ್ರಕ್‌ಗೋಳ ನಡುವ ನಾ ಬರೂದು ಹ್ಯಾಂಗ? ಕಾಂಗರೂ ಬ್ಯಾರೆ ಅಡ್ಡ ಜಿಗೀತಾವ" ಎನ್ನುತ್ತಿದ್ದರು. ಮೊಮ್ಮಗಳಿಗೆ ಐದು ತಿಂಗಳಾದರೂ ಅವರು ಅವಳನ್ನು ನೋಡಿದ್ದು ಫೋನಿನ ಗಾಜಿನಲ್ಲಿ ಮಾತ್ರ. ಕೊನೆಗೆ ಅಜ್ಜ ಬರದಿದ್ದರೆ ಕೂಸೇ ಬರಲಿ ಎಂದು ತೀರ್ಮಾನವಾಯಿತು. ಕಾಕು, ಮಗಳು, ಮಗು ಮೂವರೂ ಶನಿವಾರ ಬೆಳಿಗ್ಗೆಯ ವಿಮಾನಕ್ಕೆ ಟಿಕೆಟ್ ಬುಕ್ ಮಾಡಿದರು.

ಇತ್ತ ಕಾಕಾರ ತಯಾರಿ ಕೇಳಬೇಕೆ! ಬೇಬಿ ಸೀಟ್ ಇಲ್ಲದೆ ಇಲ್ಲಿ ಕೂಸನ್ನು ಕಾರಿನಲ್ಲಿ ಕೂರಿಸುವಂತಿಲ್ಲ. ಕಾಕಾ ಕೂಸು ಹುಟ್ಟುವ ಮೊದಲೇ ಹೋಗಿ ಸೀಟ್ ಹಾಕಿಸಿಕೊಂಡು ಬಂದರು. ಹಾಕಿಸಿದರೆ ಸಾಕೆ? ಅಭ್ಯಾಸ ಬೇಡವೆ? ಕೂಸಿನ ತೂಕದ ಒಂದು ಕುಂಬಳಕಾಯಿ ತಂದು, ಬೆಲ್ಟ್ ಬಿಗಿದು, ತಲೆಗೆ ಕುಲಾವಿ ಕಟ್ಟಿ, ದಿನಾ ಸಂಜೆ ವೆರಿಬೀ ಸುತ್ತತೊಡಗಿದರು. ಕಾಕು ಸಿಡ್ನಿಯಿಂದ ಕೂಸಿನ ತೂಕ ತಿಳಿಸಿದಂತೆಲ್ಲ ಇಲ್ಲಿ ಕುಂಬಳಕಾಯಿಯೂ ಬೆಳೆಯುತ್ತಿತ್ತು. ಹಳೆಯದು ಹುಳಿಯಾಗುತ್ತಿತ್ತು, ಹೊಸದು ಕುಲಾವಿ ಧರಿಸುತ್ತಿತ್ತು!

ಆದರೆ ಆ ಸೀಟ್ ಹಾಕಿಸಲು ಹೋದ ದಿನವೇ ಶನಿ ಹೆಗಲೇರಿದ್ದ. ಕಾಕಾ ಯಂತ್ರಕ್ಕೆ ದುಡ್ಡು ಹಾಕಿ ಪಾರ್ಕಿಂಗ್ ಚೀಟಿ ಪಡೆದರು. ಅದನ್ನು ಗಾಜಿನ ಹಿಂದೆ ಕಾಣುವಂತೆ ಇಡಬೇಕು. ಗಾಳಿಗೆ ಹಾರಿ ಹೋದರೆ? ಡ್ಯಾಶ್‌ಬೋರ್ಡ್ ಮೇಲಿದ್ದ ಹಿತ್ತಾಳೆಯ ಗಣಪ್ಪನನ್ನು ಎತ್ತಿ, ಚೀಟಿಯನ್ನು ಕೆಳಗಿಟ್ಟು, ಮೇಲೆ ಗಣಪ್ಪನನ್ನು ಕೂರಿಸಿ ಕೈ ಮುಗಿದು ಹೋದರು. ಚೀಟಿ ಹಾರಲಿಲ್ಲ, ನಿಜ. ಯಾರಿಗೂ ಕಾಣಲೂ ಇಲ್ಲ! ದಂಡ ಬಿತ್ತು.

ಆಮೇಲೆ ನೋಟಿಸುಗಳು ಬಂದವು. ನಮ್ಮ ಮನೆತನದಲ್ಲಿ ಒಂದು ಪದ್ಧತಿ: ಯಾವ ಪತ್ರವೇ ಬರಲಿ, ಮೊದಲು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ನಂತರ ಒಡೆಯುವುದು. ಇಡುವುದು ಕಾಕಾ, ಒಡೆಯುವುದು ಕಾಕು. ಒಡೆಯುವವರು ಸಿಡ್ನಿಯಲ್ಲಿ ಕೂಸಿಗೆ ಎಣ್ಣೆ ತಿಕ್ಕುತ್ತಿದ್ದರೆ ಇಡುವವರು ಪಾಪ ಏನು ಮಾಡಿಯಾರು? ಇಡುತ್ತಲೇ ಹೋದರು! ದೇವರಿಗೆ ಏರಿಸಿದ ಹೂವಿನಲ್ಲಿ ಒಂದೊಂದು ಲಕೋಟೆಯ ಮೇಲೂ ಬಿತ್ತು. ಕಡೆಗೊಂದು ದಿನ ಜಪ್ತಿಯವರು ಕಾರಿನ ಚಕ್ರಕ್ಕೆ ಹಳದಿ ಬೀಗ ಜಡಿದು, ಗಾಜಿಗೆ ಎಚ್ಚರಿಕೆಯ ಕಾಗದ ಅಂಟಿಸಿ ಹೋದರು. ಕಾಕಾ ಆ ಕಾಗದವನ್ನೂ ಮೆಲ್ಲಗೆ ಬಿಡಿಸಿ ದೇವರ ಮುಂದಿಟ್ಟರು. ಬೀಗಕ್ಕೆ ಕುಂಕುಮ ಹಚ್ಚಲಿಲ್ಲ ಎಂಬುದೇ ಸಮಾಧಾನ.

ಗುರುವಾರ ಬೆಳಿಗ್ಗೆ ನಾನು ಸಿಡ್ನಿಯ ಚಾಟ್ಸ್‌ವುಡ್‌ನ ಆಫೀಸಿನಲ್ಲಿದ್ದೆ. ಫೋನಿನಲ್ಲಿ ಪಿಸುದನಿ.

"ತಮ್ಮಾ... ಗಾಡಿ ಒಯ್ದ್ರೋ."

"ಯಾರು ಕಾಕಾ? ಕಳ್ಳರಾ?"

"ಕಳ್ಳರಾಗಿದ್ರ ಪೊಲೀಸರನ್ನ ಕರೀತಿದ್ದಿಲ್ಲೇನು? ಸರ್ಕಾರದವ್ರು! ಯುನಿಫಾರ್ಮ್ ಹಾಕ್ಕೊಂಡು ಬಂದು ಬೆಲ್ ಮಾಡಿದ್ರು."

"ಬಾಗಿಲಾ ತಗೀಬೇಕಿತ್ತಿಲ್ರಿ?"

"ಹ್ಯಾಂಗ ತಗೀಲಿ? ಪರದೆ ಹಿಂದ ನಿಂತಿದ್ದೆ. ಫ್ರಿಜ್ ಸಪ್ಪಳ ಕೇಳೀತು ಅಂತ ಅದನ್ನೂ ಬಂದ್ ಮಾಡಿದೆ. ಇನ್ನೂ ಚಾಲೂ ಮಾಡಿಲ್ಲ."

ನಗು ಬಂತು. ಆದರೆ ಕಾಕಾ ನಗುತ್ತಿರಲಿಲ್ಲ.

"ಪಿಆರ್ ಕಸ್ಕೋತಾರೇನೋ? ಊರಿಗೆ ಕಳಸ್ತಾರೇನೋ? ಶನಿವಾರ ಕೂಸು ಬರತೈತಿ, ಸೀಟ್ ಆ ಗಾಡ್ಯಾಗ ಐತಿ. ನಾ ಆಕಿ ಮಾರಿ ನೋಡೂದು ಯಾವಾಗೋ?" ಮರುಕ್ಷಣವೇ ದನಿ ಇನ್ನೂ ತಗ್ಗಿಸಿ, "ಕಳಸಿದ್ರ ವಿಮಾನದಾಗ ಕಳಸ್ತಾರ!" ಎಂದರು.

"ಹುಚ್ಚರಂಗ ಮಾತಾಡಬ್ಯಾಡ್ರಿ" ಎಂದು ಫೋನ್ ಇಟ್ಟೆ. ಇಟ್ಟವನೇ, ಕಾರು ಜಪ್ತಿಯಾದರೆ ಪಿಆರ್ ಹೋಗುತ್ತದೆಯೇ ಎಂದು ಕಂಪ್ಯೂಟರಿನಲ್ಲಿ ಹುಡುಕತೊಡಗಿದೆ. ಪರದೇಶದಲ್ಲಿ ಪಿಆರ್ ಎಂಬ ಕಾಯಂ ವಾಸದ ಪರವಾನಗಿಯ ಮೇಲೆ ಬದುಕುವವರಿಗೆ ಈ ಭಯ ಗೊತ್ತು. ಎಂಥ ಧೈರ್ಯಸ್ಥನ ಎದೆಯಲ್ಲೂ ಒಂದು ಪರದೆ ಇರುತ್ತದೆ. ಬೆಲ್ ಆದಾಗ ಅವನೂ ಅದರ ಹಿಂದೆ ಸರಿಯುತ್ತಾನೆ.

ಶುಕ್ರವಾರ ಬೆಳಿಗ್ಗೆಯೇ ಮೆಲ್ಬರ್ನ್‌ಗೆ ಹಾರಿದೆ. ದೇವರ ಮುಂದಿನ ಲಕೋಟೆಗಳನ್ನೆಲ್ಲ ಒಡೆದು, ಫೋನ್ ಮಾಡಿ, ದಂಡ ಕಟ್ಟಿದ್ದಾಯಿತು. ಕಾರು ಇರುವುದು ಊರಾಚೆಯ ಜಪ್ತಿ ಅಂಗಳದಲ್ಲಿ. ಸಂಜೆ ನಾಲ್ಕಕ್ಕೆ ಅಲ್ಲಿ ಬಾಗಿಲು ಹಾಕುತ್ತಾರೆ, ಮತ್ತೆ ತೆಗೆಯುವುದು ಸೋಮವಾರ! ಟ್ಯಾಕ್ಸಿ ಹತ್ತುವಾಗ ನೋಡಿದರೆ ಕಾಕಾರ ಹೆಗಲಿನಲ್ಲಿ ಗಂಟಿನಂಥ ಚೀಲ.

"ಏನ್ರಿ ಇದರಾಗ?"

"ಮದುವಿ ಸರ್ಟಿಫಿಕೇಟು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು. ಒಂದು ಸ್ವೆಟರ್. ಹಚ್ಚಿದ ಅವಲಕ್ಕಿ."

"ಸ್ವೆಟರ್ ಯಾಕ?"

"ಲಾಕಪ್‌ನಾಗ ಥಂಡಿ ಇರತೈತೋ ಏನೋ."

ಅಷ್ಟಕ್ಕೇ ಸುಮ್ಮನಿರದೆ, "ಬ್ರದರ್, ಸ್ಲೋ, ಸ್ಲೋ" ಎಂದು ಡ್ರೈವರನ ಬೆನ್ನು ತಟ್ಟುತ್ತಿದ್ದರು. ಗಡಿಯಾರದ ಮುಳ್ಳು ಮಾತ್ರ ಸ್ಲೋ ಆಗಲಿಲ್ಲ.

ನಾವು ತಲುಪಿದಾಗ ಎತ್ತರದ ತಂತಿಬೇಲಿ, ಒಳಗೊಂದು ನಾಯಿಯ ಬೊಗಳಾಟ. ಗೇಟು ಆಗಲೇ ಅರ್ಧ ಮುಚ್ಚಿತ್ತು. ಕಿಟಕಿಯ ಹಿಂದೆ ಸಮವಸ್ತ್ರದ ಹೆಂಗಸು. ಬಾಗಿಲಿಗಿಂತ ತುಸು ಮಾತ್ರ ಗಿಡ್ಡ! ನನ್ನ ಕಾಗದಗಳನ್ನು ನೋಡಿದಳು, ಕಂಪ್ಯೂಟರ್ ನೋಡಿದಳು, ಕಾಕಾರನ್ನು ದಿಟ್ಟಿಸಿದಳು. ಆಮೇಲೆ ಅವಳ ಹುಬ್ಬು ಗಂಟಾಯಿತು.

"ಆ ಕಾರು ನಿಮ್ಮದಾ? ಹಿಂದಿನ ಸೀಟಿನಲ್ಲಿರುವ ವಸ್ತುವಿನ ಬಗ್ಗೆ ಮಾತಾಡಬೇಕು. ಬನ್ನಿ."

ಕಾಕಾ ನನ್ನ ತೋಳು ಹಿಡಿದುಕೊಂಡರು. ವಾರಸುದಾರರಿಲ್ಲದ ಕಾರುಗಳ ಸಾಲಿನ ನಡುವೆ ನಡೆದೆವು. ಕಾಕಾರಿಂದ ಕೀಲಿ ಇಸಿದುಕೊಂಡು ನಮ್ಮ ಕಾರಿನ ಬಾಗಿಲು ತೆಗೆದಳು. ಬೇಬಿ ಸೀಟಿನಲ್ಲಿ ಬೆಲ್ಟ್ ಬಿಗಿದುಕೊಂಡು, ಕುಲಾವಿ ಕಟ್ಟಿಕೊಂಡು, ಹೊದಿಕೆ ಹೊದ್ದು ಕುಂಬಳಕಾಯಿ ಕೂತಿತ್ತು.

"ನಿನ್ನೆ ಗಾಡಿ ಇಳಿಸುವಾಗ ಇದನ್ನು ನೋಡಿ, ಮಗುವನ್ನೇ ಹೊತ್ತು ತಂದುಬಿಟ್ಟೆವು ಎಂದು ನಮ್ಮೆಲ್ಲರ ಎದೆ ನಿಂತುಹೋಗಿತ್ತು" ಎಂದಳು. "ಏನಿದು?"

ಕಾಕಾ ಕೈ ಮುಗಿದರು. "ಸಾರಿ ಮೇಡಂ. ಮೈ ಗ್ರ್ಯಾಂಡ್‌ಡಾಟರ್."

ಅವಳು ಕುಂಬಳಕಾಯಿ ನೋಡಿದಳು. ಕಾಕಾರನ್ನು ನೋಡಿದಳು.

"ಪ್ರಾಕ್ಟೀಸ್, ಮೇಡಂ. ರಿಯಲ್ ಒನ್ ಟುಮಾರೋ."

ಆ ಹೆಂಗಸು ಬಗ್ಗಿ, ಬೆಲ್ಟಿನ ಕೆಳಗೆ ಬೆರಳು ತೂರಿಸಿ ನೋಡಿ, "ಸಡಿಲ ಇದೆ. ಕುಂಬಳಕಾಯಿಗೆ ಪರವಾಗಿಲ್ಲ. ಮಗುವಿಗೆ ಇಷ್ಟು ಬಿಗಿ ಇರಬೇಕು" ಎಂದು ತಾನೇ ಎಳೆದು ತೋರಿಸಿ ಕೀಲಿ ಮರಳಿ ಕೊಟ್ಟಳು. ನಾವು ಹೊರಬಿದ್ದ ಮೇಲೆ ಗೇಟಿನ ಉಳಿದರ್ಧವೂ ಮುಚ್ಚಿತು. ಕಾಕಾ ಬಹಳ ದೂರ ಕನ್ನಡಿಯಲ್ಲಿ ಹಿಂದಿನ ರಸ್ತೆಯನ್ನೇ ನೋಡುತ್ತಿದ್ದರು. ಆಮೇಲೆ, "ಪಿಆರ್ ಬಗ್ಗೆ ಏನೂ ಕೇಳಲಿಲ್ಲಲಾ?" ಎಂದರು.

ಶನಿವಾರ ವಿಮಾನ ನಿಲ್ದಾಣದಲ್ಲಿ ಕಾಕು ಕೂಸನ್ನು ಮುಂದೆ ಚಾಚಿದರೆ ಇವರು ಒಂದು ಹೆಜ್ಜೆ ಹಿಂದಕ್ಕೆ ಸರಿದರು.

"ತಗೋರಿ! ಕೂಸು ಅದು, ಪೊಲೀಸ್ ಅಲ್ಲ" ಎಂದರು ಕಾಕು.

"ಕೈ ನಡಗ್ತಾವ. ನೀನೇ ಹಿಡಿ."

"ಅಪ್ಪಾ, ಶಿ ವೋಂಟ್ ಬ್ರೇಕ್!" ಎಂದಳು ಮಗಳು.

ಕಾರನ್ನು ನಾನು ಓಡಿಸಿದೆ. ಕಾಕಾ ಹಿಂದೆ, ಬೇಬಿ ಸೀಟಿನ ಪಕ್ಕ. ಬೆಲ್ಟಿನ ಕೆಳಗೆ ಮತ್ತೆ ಮತ್ತೆ ತೂರಿ ನೋಡುತ್ತಿದ್ದ ಅವರ ಬೆರಳನ್ನು ಮೊಮ್ಮಗಳು ಗಪ್ಪನೆ ಹಿಡಿದುಕೊಂಡಳು. ಹಿಡಿದುಕೊಂಡೇ ನಿದ್ದೆ ಹೋದಳು.

ವೆರಿಬೀ ತಲುಪಿದಾಗ ಕಾಕು, "ಮನ್ಯಾಗ ಹಾಲು ಅದನೋ ಇಲ್ಲೋ?" ಎಂದರು. ಫ್ರಿಜ್‌ನ ಕಥೆ ಹೇಳಲಾರದೆ ಅಂಗಡಿಯ ಕಡೆ ತಿರುಗಿಸಿದೆ. ನಿಲ್ಲಿಸಲು ಜಾಗ ಹುಡುಕುತ್ತ ಒಂದು ಸುತ್ತು ಹಾಕಿದೆ. ಬಿಸಿಲು ಕಿಟಕಿಯಿಂದ ಬಿದ್ದು ಕೂಸು ಮುಖ ಕಿವುಚಿತು.

"ಇಲ್ಲೇ ನಿಲ್ಲಸು, ಈ ಗಿಡದ ನೆರಳಾಗ" ಎಂದರು ಕಾಕಾ.

ನಿಲ್ಲಿಸಿ, ತಲೆ ಎತ್ತಿ ನೋಡಿದರೆ ಗಿಡದ ಪಕ್ಕದಲ್ಲೇ 'ನೋ ಪಾರ್ಕಿಂಗ್' ಬೋರ್ಡು. ಬೀದಿಯ ತುದಿಯಲ್ಲಿ ಸಮವಸ್ತ್ರದವನೊಬ್ಬ ಕಾರುಗಳ ಗಾಜು ನೋಡುತ್ತ ಬರುತ್ತಿದ್ದ. ಕಾಕು ಆಗಲೇ ಇಳಿದು ಅಂಗಡಿ ಸೇರಿದ್ದರು.

"ಕಾಕಾ, ಇಲ್ಲಿ ನಿಲ್ಲಸೂ ಹಂಗಿಲ್ಲ! ಅಂವಾ ಬರ್ಲಿಕ್ಕತ್ತಾನ ನೋಡ್ರಿ! ಮತ್ತ ದಂಡ ಹಾಕ್ತಾನ!"

ಕನ್ನಡಿಯಲ್ಲಿ ನೋಡಿದೆ. ಕಾಕಾ ಬೋರ್ಡನ್ನೂ ನೋಡಲಿಲ್ಲ, ಅವನನ್ನೂ ನೋಡಲಿಲ್ಲ.

"ಹಾಕ್ಲಿ ತಗೋ" ಎಂದರು. "ನೀ ಮೊದಲ ಇಂಜಿನ್ ಬಂದ್ ಮಾಡು. ಸಪ್ಪಳಾಗ್ತೈತಿ, ಕೂಸು ಎದ್ದೀತು."