ಲೇತ್ ಯಂತ್ರದ ಮೇಲಿನ ಪೂಜೆಯನ್ನು ಅನುಮತಿಯಿಲ್ಲದೆ ಕದಲಿಸಿದ ಬಗ್ಗೆ

ನಿಖರ ಯಂತ್ರಕರ್ಮ ಹಾಗೂ ಉಪಕರಣ ತಯಾರಿಕಾ ವಿದ್ಯಾಲಯ, ಹೊಸನಗರ
ಸಂಖ್ಯೆ: ನಿಯಂ/ಲೇತ್/ಪೂಜೆ/೧೪/೬೬–೬೭
ದಿನಾಂಕ: ೨೦–೨–೧೯೬೭

ವಿಷಯ: ವಿದ್ಯಾರ್ಥಿ ಬೆಳ್ಳಪ್ಪನವರನ್ನು ಅಂತಿಮ ಪರೀಕ್ಷೆಗೆ ಕೂರಿಸುವ ಅಥವಾ ಕೂರಿಸದಿರುವ ಕುರಿತು.
ಉಲ್ಲೇಖ: ಸದರಿಯವರ ಹೇಳಿಕೆ (ಏರುದನಿಯದು).

ಕಳೆದ ಆಯುಧಪೂಜೆಯಂದು ಆಗಿನ ಸೂಪರಿಂಟೆಂಡೆಂಟರಾದ ಶ್ರೀ ಉಮಾಮಹೇಶ್ವರ ಅವರು ವಿದ್ಯಾಲಯದಲ್ಲಿ ಉಕ್ಕು ಕಡೆಯಲಿರುವ ಏಕೈಕ ಲೇತಿಗೆ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಮರುದಿನ ಪೂಜೆ ಕದಲಿಸುವ ಮೊದಲೇ ವರ್ಗವಾಗಿ ಹೋಗಿರುತ್ತಾರೆ. ಪೂಜೆ ಕೂರಿಸಿದವರೇ ಕದಲಿಸತಕ್ಕದ್ದೆಂಬುದು ಕಚೇರಿಯ ಅಭಿಪ್ರಾಯ. ಅವರಿಗೋ ಹೊಸ ಊರಿನಲ್ಲಿ ರಜೆ ಸಿಕ್ಕಿಲ್ಲ. ಯಂತ್ರವು ಇಂದಿಗೂ ಹಾರಸಮೇತ ವಿಶ್ರಮಿಸುತ್ತಿದೆ. ಹೀಗಿರಲು ಬೆಳ್ಳಪ್ಪನವರು, ಪರೀಕ್ಷೆ ಹತ್ತಿರ ಬಂತೆಂಬ ಕ್ಷುಲ್ಲಕ ಕಾರಣಕ್ಕೆ, ಹಾರ ತೆಗೆದು, ಯಂತ್ರ ತಿರುಗಿಸಿ, ಉಗ್ರಾಣದ ಉಕ್ಕಿನ ಸರಳಿನಿಂದ ಪಿನ್ನೊಂದನ್ನು ನಕ್ಷೆಯ ಅಳತೆಗೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದಂತೆ ಕಡೆದು, ನಂತರ ಹಾರವನ್ನು ಮೊದಲಿನಂತೆಯೇ ಹಾಕಿರುತ್ತಾರೆ. ಆದ್ದರಿಂದ ಎಲ್ಲರ ಗಮನಕ್ಕೆ ತರಲಾಗಿರುವುದೇನೆಂದರೆ:

೧. ವಿದ್ಯಾರ್ಥಿಗಳು ಲೇತನ್ನು ಎರಡು ಮೊಳ ದೂರದಿಂದ ನೋಡಿ ಕಲಿಯತಕ್ಕದ್ದು. ಅದು ತಿರುಗುತ್ತಿದೆಯೆಂದು ಭಾವಿಸಲು ಅಡ್ಡಿಯಿಲ್ಲ.

೨. ಉಕ್ಕಿನ ಬದಲು ಬಟ್ಟೆಸೋಪನ್ನು ಚಾಕುವಿನಿಂದ ಕೆತ್ತತಕ್ಕದ್ದು. ಯಂತ್ರದ ಸದ್ದನ್ನು ಬಾಯಿಂದ ಹೊರಡಿಸುವವರಿಗೆ ಹಾಜರಾತಿಯಲ್ಲಿ ರಿಯಾಯಿತಿ ಉಂಟು. ಉಳಿದ ಸೋಪನ್ನು ಕಚೇರಿಗೆ ಒಪ್ಪಿಸುವುದು.

೩. ಮೈಕ್ರೋಮೀಟರಿಗೂ ಕುಂಕುಮ ತಗುಲಿರುವ ಕಾರಣ ಅಳತೆಯನ್ನು ಕಣ್ಣಂದಾಜಿನಲ್ಲಿ ನಿರ್ಧರಿಸಲಾಗುವುದು. ತಕರಾರು ಬಂದಲ್ಲಿ ಹಿರಿಯ ಗುಮಾಸ್ತರ ಅಂದಾಜೇ ಅಂತಿಮ.

೪. ಬೆಳ್ಳಪ್ಪನವರನ್ನು ವಿಚಾರಿಸಲಾಗಿ, "ಕೈ ಮುಗ್ದೇ ತೆಗ್ದಿದ್ದು ಸಾರ್. ಹೂವು ಒಣಗಿ ತರಗಾಗಿತ್ತು. ದೇವ್ರು ಆಯುಧಕ್ಕೆ ಬರೋದು ಕೆಲ್ಸ ಮಾಡ್ಸಕ್ಕೆ, ಹಾರ ಹಾಕ್ಕಂಡು ಸುಮ್ನೆ ಕೂರಕ್ಕಾ?" ಎಂದಿರುತ್ತಾರೆ. ಅಟೆಂಡರ್ ಸುಬ್ಬಪ್ಪನವರು ನಡುವೆ ಬಾಯಿ ಹಾಕಿ, "ಕೂರಕ್ಕೆ ಆಫೀಸಲ್ಲಿ ಬೇರೆಯವ್ರು ಇದಾರಲ್ಲ ಮಾರಾಯ" ಎಂದಿದ್ದು, ಆ ಮಾತು ಕಡತದಲ್ಲಿ ಸೇರಿರುವುದಿಲ್ಲ.

೫. ಪಿನ್ನಿನ ನಿಖರತೆಯೇ ಯಂತ್ರ ತಿರುಗಿತ್ತೆಂಬುದಕ್ಕೆ ಪ್ರಬಲ ಸಾಕ್ಷಿ. ತುಸು ಸೊಟ್ಟಗಿದ್ದರೆ ಸಂಶಯದ ಲಾಭ ದೊರೆಯುತ್ತಿತ್ತು.

೬. ಆದಾಗ್ಯೂ, ದಯಾದೃಷ್ಟಿಯಿಂದ, ಉದುರಿದ ಉಕ್ಕಿನ ಸುರುಳಿಗಳನ್ನೆಲ್ಲ ಪಿನ್ನಿಗೆ ಮರಳಿ ಕೂರಿಸಿ, ಮೊದಲಿನ ಗಾತ್ರದ ಸರಳನ್ನು ಉಗ್ರಾಣಕ್ಕೆ ಒಪ್ಪಿಸಿದಲ್ಲಿ ಪರೀಕ್ಷೆಗೆ ಕೂರಿಸಬಹುದೆಂದು ತೀರ್ಮಾನಿಸಲಾಯಿತು. ಇದಕ್ಕೆ ಲೇತ್ ಬಳಸುವಂತಿಲ್ಲ.

೭. ಷರತ್ತನ್ನು ಓದಿ ಹೇಳಲಾಗಿ, ಬೆಳ್ಳಪ್ಪನವರು ಪಿನ್ನನ್ನು ಜೇಬಿಗಿಳಿಸಿ, ಲೇತಿಗೆ ಕೈಮುಗಿದು, ಕಚೇರಿಗೆ ಮುಗಿಯದೆ, ಭದ್ರಾವತಿಯ ವರ್ಕ್‌ಶಾಪೊಂದಕ್ಕೆ ಕೆಲಸಕ್ಕೆ ಹೊರಟುಹೋಗಿರುತ್ತಾರೆ. ಅಂತಿಮ ವರ್ಷದಲ್ಲಿ ಉಳಿದಿದ್ದವರು ಅವರೊಬ್ಬರೇ. ಹೀಗಾಗಿ ಈ ಸಾಲಿನಲ್ಲಿ ಒಬ್ಬರೂ ಅನುತ್ತೀರ್ಣರಾಗಿಲ್ಲವೆಂದು ಮೇಲಧಿಕಾರಿಗಳಿಗೆ ಹರ್ಷಪೂರ್ವಕ ವರದಿ ಮಾಡಲಾಗಿದೆ.

(ಸಹಿ)
ಪ್ರಭಾರ ಸೂಪರಿಂಟೆಂಡೆಂಟ್

ಪ್ರತಿಗಳು:
೧. ಶ್ರೀ ಉಮಾಮಹೇಶ್ವರ ಅವರಿಗೆ, ಎಲ್ಲಿದ್ದರೂ ಅಲ್ಲಿಗೆ.
೨. ಲೇತ್ ಯಂತ್ರಕ್ಕೆ. ಹಾರ ಅಲುಗದಂತೆ ಅಂಟಿಸುವುದು.
೩. ಸಾಗರ ಹಾಗೂ ತೀರ್ಥಹಳ್ಳಿಯ ಪ್ರೌಢಶಾಲೆಗಳಿಗೆ, ಮುಂದಿನ ಸಾಲಿಗೆ ಜಾಣ ಹುಡುಗರನ್ನು ಕಳುಹಿಸಿಕೊಡುವಂತೆ ಕೋರಿ.