ಬಿಸಿಲನ್ನು ಕಂಡುಹಿಡಿದ ಮೇಡಂ

ತೂಬಗೆರೆಯಲ್ಲಿ ಬಿಸಿಲಿದೆ ಎಂಬುದನ್ನು ಕಂಡುಹಿಡಿದವರು ನಮ್ಮ ಮೇಡಂ. ನೀವು ನಂಬಲೇಬೇಕು! ಅದಕ್ಕೆ ಮೊದಲೂ ನಾವು ಇಲ್ಲೇ ಇದ್ದೆವು, ರಾಗಿ ಬೆಳೆದೆವು, ದ್ರಾಕ್ಷಿ ಬೆಳೆದೆವು, ಏಪ್ರಿಲ್ ತಿಂಗಳಿನಲ್ಲಿ ಸೂಟು ಹಾಕಿಕೊಂಡು ಮದುವೆಯೂ ಆದೆವು. ಆದರೆ ನಾವಿರುವುದು ಒಂದು ಉಷ್ಣ ದೇಶದಲ್ಲಿ ಎಂಬ ಸುದ್ದಿ ನಮಗ್ಯಾರಿಗೂ ತಲುಪಿರಲಿಲ್ಲ.

ಮೇಡಂ ವರ್ಷದಲ್ಲಿ ಆರು ತಿಂಗಳು ಹಿಮ ಬೀಳುವ ದೇಶದವರು. ಬೋರ್‌ವೆಲ್ ಬಂದ ಮೇಲೆ ನಾವು ಕಸ ತುಂಬಿಸಿಟ್ಟ ಹಳೆಯ ಬಾವಿಗಳ ಹೂಳೆತ್ತಿಸಲು ಒಂದು ವಿದೇಶಿ ಸೇವಾ ಸಂಸ್ಥೆ ಅವರನ್ನು ಎರಡು ವರ್ಷಕ್ಕೆಂದು ಇಲ್ಲಿಗೆ ಕಳಿಸಿತ್ತು. ನಾನು ಅವರ ದುಭಾಷಿ. ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವನಿಗೆ ಈ ಕೆಲಸ ಹೇಗೆ ಸಿಕ್ಕಿತು ಎಂದು ಕೇಳಬೇಡಿ. ರಸಾಯನಶಾಸ್ತ್ರ ಓದಿದವರಿಗೆ ರಸಾಯನಶಾಸ್ತ್ರದ ಕೆಲಸ ಎಲ್ಲಿ ಸಿಗುತ್ತದೆ, ನೀವೇ ಹೇಳಿ?

ಅವರ ಬಗ್ಗೆ ನಗುನಗುತ್ತಲೇ ಬರೆಯಬೇಕೆಂದು ಕೂತಿದ್ದೇನೆ. ನಡುವೆ ಒಂದು ಬಾವಿ ಬರುತ್ತದೆ. ಅದರ ಮೂರನೇ ಮೆಟ್ಟಿಲು ಈಗಲೂ ಹಲ್ಲುಜ್ಜುವಾಗ, ಬಸ್ಸಿನಲ್ಲಿ ಕೂತಾಗ, ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಬಂದಾಗ ಹೇಳುತ್ತೇನೆ.

ಬಂದ ಮೊದಲ ದಿನವೇ ಮೇಡಂ ಒಂದು ದಪ್ಪ ಫಾರಂ ಬಿಚ್ಚಿದರು. ಊರಿನ ಅಪಾಯಗಳ ಪಟ್ಟಿಯಂತೆ. ಉಷ್ಣ ದೇಶಗಳೆಲ್ಲಕ್ಕೂ ಒಂದೇ ಫಾರಂ! ಮರಳು ಬಿರುಗಾಳಿ ಇದೆಯೇ? ಇಲ್ಲ. ನೆಲಬಾಂಬ್? ಇಲ್ಲ. ಶಸ್ತ್ರ ಹಿಡಿದ ಗುಂಪುಗಳು?

"ಪಂಚಾಯ್ತಿ ಎಲೆಕ್ಷನ್ ಬರ್ಲಿ ಮೇಡಂ, ತೋರಿಸ್ತೀನಿ" ಎಂದೆ.

ಅವರು ನಗಲಿಲ್ಲ. "ಐದು ವರ್ಷಕ್ಕೊಮ್ಮೆ" ಎಂದು ನೀಟಾಗಿ ಬರೆದುಕೊಂಡರು.

ಇನ್ನು ಅವರ ರಜೆ. ತೂಬಗೆರೆಯನ್ನು ಅವರ ಸಂಸ್ಥೆ 'ಕಷ್ಟದ ಸ್ಥಳ' ಎಂದು ಗುರುತಿಸಿತ್ತು. ಕಷ್ಟದ ಸ್ಥಳದಲ್ಲಿ ಎಂಟು ವಾರ ಬದುಕಿದವರಿಗೆ ಒಂದು ವಾರ ವಿಶ್ರಾಂತಿ ಕಡ್ಡಾಯವಂತೆ. ಮೇಡಂ ಬಾಡಿಗೆಗಿದ್ದ ಮನೆಯ ಅಜ್ಜಿಗೆ ನಾನು ಇದನ್ನು ವಿವರಿಸಿದೆ. ಅಜ್ಜಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

"ಎಂಬತ್ತು ವರ್ಸದಿಂದ ಇಲ್ಲೇ ಬಿದ್ದಿವ್ನಿ ಕಣ್ಲಾ. ನನ್ ರಜನೆಲ್ಲಾ ಯಾವನು ನುಂಗ್ದ?"

ಈ ಅಜ್ಜಿಯೇ ಮೇಡಂಗೆ ಕನ್ನಡದ ಗುರು. ಅಜ್ಜಿ ದಿನವಿಡೀ ಮಾತಾಡುವುದು ಎರಡು ಎಮ್ಮೆಗಳ ಜೊತೆ, ಮೂರು ಕೋಳಿಗಳ ಜೊತೆ. ಹಾಗಾಗಿ ಮೇಡಂ ಕಲಿತ ಕನ್ನಡದಲ್ಲಿ ಎರಡೇ ಅಧ್ಯಾಯ: ಒಂದು ಬೈಗುಳ, ಇನ್ನೊಂದು ಊಟ. ಸಭೆಗೆ ಒಂದು ಗಂಟೆ ತಡವಾಗಿ ಬಂದ ಪಂಚಾಯ್ತಿ ಸದಸ್ಯರೊಬ್ಬರನ್ನು ಆಕೆ ಎದ್ದು ನಿಂತು, ಕೈಮುಗಿದು ಸ್ವಾಗತಿಸಿದ್ದು ಹೀಗೆ: "ಎಲ್ ಹಾಳಾಗ್ ಹೋಗಿದ್ದೆ ಇಷ್ಟೊತ್ತು? ಬಾ, ಮುದ್ದೆ ಉಣ್ಣು!"

ಸಭೆಯೆಲ್ಲ ತಿರುಗಿ ಸದಸ್ಯರನ್ನೇ ನೋಡಿತು. ಸದಸ್ಯರು ಟೋಪಿ ತೆಗೆದು ತಲೆ ಕೆರೆದುಕೊಂಡರು. "ನಮ್ಮವ್ವ ಹೋದ್ಮೇಲೆ ಹಿಂಗೆ ಯಾರೂ ಬೈದಿರ್ಲಿಲ್ಲ ಗುರು" ಎಂದರು. ಮುಂದಿನ ಸಭೆಗೆ ಅರ್ಧ ಗಂಟೆ ಮುಂಚೆಯೇ ಬಂದು ಕುರ್ಚಿ ಹಾಕಿಸಿದರು.

ಕೆಲಸದ ಮಾತಿಗೆ ಮಾತ್ರ ಮೇಡಂಗೆ ಇಂಗ್ಲಿಷೇ ಬೇಕು. ಅಲ್ಲಿ ನನ್ನ ಪಾತ್ರ. ದುಭಾಷಿ ಎಂದರೆ ಒಂದು ಭಾಷೆಯ ಖಾರವನ್ನು ಇನ್ನೊಂದು ಭಾಷೆಯ ಮಜ್ಜಿಗೆಯಲ್ಲಿ ಕಲಸುವವನು ಎಂದು ನಾನು ತಿಳಿದಿದ್ದೆ. "ನಿಮ್ಮ ಈ ಕೆಲಸ ಅತ್ಯಂತ ಬೇಜವಾಬ್ದಾರಿಯದ್ದು" ಎಂದು ಅವರು ಹೇಳಿದರೆ, "ಇನ್ನೊಂಚೂರು ಚೆನ್ನಾಗಿ ಮಾಡ್ಬೋದಿತ್ತಂತೆ" ಎನ್ನುತ್ತಿದ್ದೆ. ಎಲ್ಲರಿಗೂ ಸಂತೋಷ. ನನಗೆ ಒಳ್ಳೆಯ ಹೆಸರು.

ಈಗ ಬಾವಿ.

ಅದು ನನ್ನ ಅಕ್ಕನ ಗಂಡನ ಹೊಲದ ಬಾವಿ. ಭಾವ ಎಂದರೆ ನನಗೆ ಅಪ್ಪನ ಹಾಗೆ. ಕಾಲೇಜಿಗೆ ಸೇರಿಸಲು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದವರು. ಬಾವಿ ಆಳ, ಬಾಯಿ ಚಿಕ್ಕದು, ಅದರ ಅರ್ಧಕ್ಕೆ ಕಲ್ಲುಚಪ್ಪಡಿ ಮುಚ್ಚಿತ್ತು. ಹೂಳೆತ್ತುವ ಮುನ್ನ ನೀರು ಖಾಲಿ ಮಾಡಬೇಕು. ಅವತ್ತು ಕರೆಂಟಿಲ್ಲ. ಮೇಲಿಂದ ಎಳೆದರೆ ಡೀಸೆಲ್ ಇಂಜಿನ್ನಿಗೆ ನೀರು ಸಿಗುವುದಿಲ್ಲ. ಹಾಗಾಗಿ ಭಾವ ಇಂಜಿನ್ನನ್ನೇ ಬಾವಿಯೊಳಗಿನ ಕಟ್ಟೆಗೆ ಇಳಿಸಿದರು. ನಮ್ಮ ಕಡೆ ಹಿಂದಿನಿಂದಲೂ ಹೀಗೇ. ದೊಡ್ಡ ಬಾವಿಗಳಲ್ಲಿ ಯಾರಿಗೂ ಏನೂ ಆಗಿರಲಿಲ್ಲ.

ಇಂಜಿನ್ನಿಗೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಚಾಲೂ ಮಾಡಿ ಭಾವ ಮೇಲೆ ಬಂದರು. ಮೇಡಂ ಓಡಿ ಬಂದು ಇಂಗ್ಲಿಷಿನಲ್ಲಿ ಉದ್ದಕ್ಕೆ ಹೇಳಿದರು: ಇಂಜಿನ್ ಓಡಿದ ಮೇಲೆ ನಾಳೆಯವರೆಗೆ ಯಾರೂ ಇಳಿಯಬಾರದು, ಆ ಹೊಗೆಯ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಇಳಿದವನು ಸಾಯುತ್ತಾನೆ, ಅವನನ್ನು ಉಳಿಸಲು ಇಳಿದವನೂ ಸಾಯುತ್ತಾನೆ.

ಎದುರಿಗೆ ಭಾವ, ಹಣೆಯಲ್ಲಿ ಹಸಿ ಕುಂಕುಮ. ಪಕ್ಕದಲ್ಲಿ ಅಕ್ಕ, ಕೈಯಲ್ಲಿ ಒಡೆದ ಕಾಯಿ. ಪೂಜೆಯ ಹೊತ್ತಿನಲ್ಲಿ, ಅಕ್ಕನ ಎದುರೇ, ಅವಳ ಗಂಡನಿಗೆ "ಸಾಯ್ತೀರಿ" ಎಂದು ಯಾವ ಬಾಯಲ್ಲಿ ಹೇಳಲಿ? ನಮ್ಮ ಮನೆಗಳಲ್ಲಿ ಅಂಥ ಮಾತು ಆಡುವುದುಂಟೇ?

"ಮೇಡಂ ಹುಷಾರು ಅಂತವ್ರೆ" ಎಂದೆ.

"ಆಯ್ತಪ್ಪ, ಹುಷಾರಾಗೇ ಇರಾಣ" ಎಂದು ಭಾವ ನಕ್ಕರು.

ಆ ವಿಷದ ಮೇಲೆ ನಾನು ಪರೀಕ್ಷೆಯಲ್ಲಿ ಒಂದೂವರೆ ಪುಟ ಬರೆದು ಪಾಸಾಗಿದ್ದೆ. ಅದನ್ನೂ ಹೇಳಿಬಿಡುತ್ತೇನೆ.

ಮಧ್ಯಾಹ್ನ ಇಂಜಿನ್ ತಾನಾಗಿ ನಿಂತಿತು. ಟ್ಯಾಂಕಿನಲ್ಲಿ ಡೀಸೆಲ್ ಇತ್ತು, ಗಾಳಿ ಇರಲಿಲ್ಲ. ಇಂಜಿನ್ನಿಗೇ ಉಸಿರು ಕಟ್ಟಿದ ಜಾಗ ಅದು! ಮೇಡಂ ಆ ಕಡೆ ಮರದಡಿ ಫೋನಿನಲ್ಲಿದ್ದರು. "ಒಂದ್ನಿಮ್ಸ" ಎಂದು ಭಾವ ಇಳಿದೇಬಿಟ್ಟರು. ಕಟ್ಟೆಯ ಮೇಲೆ ನಿಂತು ಹ್ಯಾಂಡಲಿಗೆ ಕೈ ಹಾಕಿದರು. ಆಕಳಿಸಿದರು. ಮಧ್ಯಾಹ್ನದ ನಿದ್ದೆಗೆ ಕೂತವರ ಹಾಗೆ ಮೆಲ್ಲಗೆ ಕೂತು ಪಕ್ಕಕ್ಕೆ ಒರಗಿದರು.

"ಭಾವಾ!" ಎಂದೆ. ನಾನು ಇಳಿದೆ. ಒಂದು, ಎರಡು, ಮೂರನೇ ಮೆಟ್ಟಿಲು. ಹಿಂದಿನಿಂದ ಯಾರೋ ನನ್ನ ಅಂಗಿ ಹಿಡಿದು ಎಳೆದರು. ಮೇಡಂ! ನನ್ನನ್ನು ದಂಡೆಗೆ ಕೆಡವಿ ಬೆನ್ನ ಮೇಲೆ ಕೂತೇಬಿಟ್ಟರು. ಎಂಬತ್ತು ಕೇಜಿಯ ಮನುಷ್ಯರು ಅವರು. ನಾನು ಒದ್ದೆ, ಅಜ್ಜಿ ಕಲಿಸದ ಬೈಗುಳಗಳನ್ನೆಲ್ಲ ಬೈದೆ, ಕೊನೆಗೆ ಮುಖದ ಮುಂದಿದ್ದ ಅವರ ಬಲಗೈಯನ್ನು ರಕ್ತ ಬರುವ ಹಾಗೆ ಕಚ್ಚಿದೆ. ಅವರು ಏಳಲಿಲ್ಲ.

ಕೂತಲ್ಲಿಂದಲೇ ಕೂಗಿದರು: "ಯಾವನಾದ್ರೂ ಇಳಿದ್ರೆ ಕಾಲ್ ಮುರೀತೀನಿ! ಗಾಳಿ! ಗಾಳಿ ತಗೊಂಬಾ!"

ಆ ಕನ್ನಡ ಎಲ್ಲರಿಗೂ ಅರ್ಥವಾಯಿತು, ದುಭಾಷಿ ಬೇಕಾಗಲಿಲ್ಲ. ಪಕ್ಕದ ದ್ರಾಕ್ಷಿ ತೋಟದವನು ಔಷಧಿ ಹೊಡೆಯುವ ಬ್ಲೋಯರ್ ಹೊತ್ತು ಓಡಿ ಬಂದ. ಪೈಪು ಸಿಕ್ಕಿಸಿ ಬಾವಿಯೊಳಕ್ಕೆ ಗಾಳಿ ಬಿಟ್ಟರು. ಕೂಗು ಕೇಳಿ ಬಂದ ಅಜ್ಜಿ ಹೊಂಗೆ ಸೊಪ್ಪಿನ ಕಂತೆ ಕಟ್ಟಿಸಿ, ಒಳಗಿನ ಗಾಳಿ ಕದಡಲು ಹಗ್ಗದಲ್ಲಿ ಮೇಲೆ ಕೆಳಗೆ ಆಡಿಸಿದರು. ಮೇಡಂ ಸಾಕು ಎಂದ ಮೇಲೆ ತೋಟದವನು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಮೂವರ ಕೈಗೆ ಅದರ ತುದಿ ಕೊಟ್ಟು ಇಳಿದ. ಭಾವನನ್ನು ಕಟ್ಟಿ ಮೇಲೆತ್ತಿದರು.

ತರಕಾರಿ ಟೆಂಪೋದಲ್ಲಿ ಅಕ್ಕ, ನಾನು, ಮೇಡಂ ಭಾವನೊಂದಿಗೆ ದೊಡ್ಡಬಳ್ಳಾಪುರದ ಆಸ್ಪತ್ರೆಗೆ ಹೊರಟೆವು. ಭಾವನ ತಲೆ ನನ್ನ ತೊಡೆಯ ಮೇಲಿತ್ತು. ಅಲ್ಲಿ ಆಕ್ಸಿಜನ್ ಹಾಕಿ ಬಹಳ ಹೊತ್ತಾದ ಮೇಲೆ ಭಾವ ಕಣ್ಣು ಬಿಟ್ಟರು. ಅವರ ಮೊದಲ ಮಾತು: "ಇಂಜಿನ್ ಚಾಲೂ ಆಯ್ತಾ?" ಅಕ್ಕ ಅಳುತ್ತಲೇ ಅವರ ಭುಜಕ್ಕೆ ಒಂದು ಬಾರಿಸಿದಳು. ಉಳಿದರು, ಎಂದರು ಡಾಕ್ಟರು.

ಆಗ ಮೇಡಂ ಕೈಯನ್ನು ನರ್ಸ್ ನೋಡಿದರು. "ಅಯ್ಯೋ, ಏನ್ ಕಚ್ಚಿದ್ದು? ನಾಯಿನಾ? ಕೋತಿನಾ?"

"ಇವ್ನು" ಎಂದರು ಮೇಡಂ.

ನರ್ಸ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಓದಿದೋರ್ ಥರ ಕಾಣ್ತೀರಲ್ರೀ!" ಎಂದು ಗೊಣಗುತ್ತಾ ಇಂಜೆಕ್ಷನ್ ತರಲು ಹೋದರು.

ನನಗೆ ತಡೆಯಲಾಗಲಿಲ್ಲ. "ಬೆಳಿಗ್ಗೆ ನೀವು ಹೇಳಿದ್ದನ್ನ ನಾನು ಭಾವನಿಗೆ ಪೂರ್ತಿ ಹೇಳಲಿಲ್ಲ" ಎಂದು ಇಂಗ್ಲಿಷಿನಲ್ಲಿ ಒಪ್ಪಿಕೊಂಡೆ.

ಮೇಡಂ ಗೋಡೆ ನೋಡುತ್ತಾ ಅದೇ ಭಾಷೆಯಲ್ಲಿ ಹೇಳಿದರು: "ಗೊತ್ತು. ನಾನು ಒಂದು ನಿಮಿಷ ಮಾತಾಡಿದೆ. ನೀನು ಹೇಳಿದ್ದು ಮೂರು ಪದ. ನಾನು ಎಣಿಸಿದೆ. ಎಣಿಸಿಯೂ ಸುಮ್ಮನಿದ್ದೆ."

ನರ್ಸ್ ಸಿರಿಂಜಿನೊಂದಿಗೆ ಬಂದರು. "ಈ ಕೈ ಊದೈತೆ. ಆ ಕೈ ಕೊಡಿ ಮೇಡಂ."

ಮೇಡಂ ಕೊಡಲಿಲ್ಲ. ಯಾಕೆಂದು ನಾವು ಮೂವರೂ ಒಟ್ಟಿಗೇ ನೋಡಿದೆವು. ಆ ಎಡಗೈ ನನ್ನ ಅಂಗಿಯ ಹಿಂಬದಿಯನ್ನು ಮುಷ್ಟಿಯಲ್ಲಿ ಹಿಡಿದಿತ್ತು. ದಂಡೆಯ ಮೇಲೆ ಹಿಡಿದದ್ದು, ಟೆಂಪೋದಲ್ಲಿ, ಆಸ್ಪತ್ರೆಯ ಮೆಟ್ಟಿಲಲ್ಲಿ, ಭಾವ ಕಣ್ಣು ಬಿಟ್ಟಾಗಲೂ ಬಿಟ್ಟಿರಲಿಲ್ಲ. ಮೇಡಂ ಬಿಡಲು ನೋಡಿದರು. ಬೆರಳುಗಳು ಬಿಚ್ಚಿಕೊಳ್ಳಲಿಲ್ಲ.

"ಇರ್ಲಿ ಬಿಡಿ" ಎಂದು ನರ್ಸ್ ಸುತ್ತು ಬಳಸಿ ಈಚೆಗೆ ಬಂದು, ಊದಿದ ಕೈಯನ್ನೇ ಮೆಲ್ಲಗೆ ಎತ್ತಿಕೊಂಡರು.