ಚಿಕ್ಕಪ್ಪನ ಮರಳುಗಾಡಿನ ಪ್ರಾಣಿ

ನನ್ನ ಚಿಕ್ಕಪ್ಪ ಬೇರೆ ಗ್ರಹದ ಪ್ರಾಣಿಯೊಂದನ್ನು ಸಾಕಿದ್ದರು ಎಂದರೆ ನೀವು ನಗುತ್ತೀರಿ. ನಗಿ! ನಿಮಗೇನು, ಅದರ ಮೇವಿನ ಸಮಾಚಾರವನ್ನು ದಿನಾ ಕೇಳಬೇಕಾಗಿ ಬಂದವನು ನಾನು.

ಕೊಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ನನಗೆ ರಾಯಚೂರು ಸೀಮೆಗೆ ವರ್ಗವಾದ ವಾರವೇ ಸೀತೂರಿನಿಂದ ಚಿಕ್ಕಪ್ಪನ ಫೋನು ಬಂತು. ಸಮಾಧಾನ ಹೇಳುತ್ತಾರೆ ಅಂದುಕೊಂಡೆ.

"ಮಾರಾಯ, ನೀರೇ ಇಲ್ಲದ ಗ್ರಹದಲ್ಲಿ ಒಂದು ಪ್ರಾಣಿ ಉಂಟು ಅಂತ ಇಟ್ಕ. ಅದು ಎಂತ ತಿಂತದೆ?"

ಹುಟ್ಟಿದಾಗಿನಿಂದ ಮಳೆಯಲ್ಲೇ ನೆಂದ ನಾನು, ಆ ಬಿಸಿಲಲ್ಲಿ ಹೇಗೆ ಬದುಕುವುದು ಎಂದು ಅನ್ನ ಸೇರದೆ ಕೂತಿದ್ದೇನೆ. ಇವರಿಗೆ ಯಾವುದೋ ಗ್ರಹದ ಪ್ರಾಣಿಯ ಊಟದ ಚಿಂತೆ!

ಮರುದಿನದಿಂದ ಫೋನಿಗೆ ಬಿಡುವಿಲ್ಲ. ಪ್ರಾಣಿ ಅಪ್ಪಟ ಸಸ್ಯಾಹಾರಿಯಂತೆ. ಖಾರ ಆಗದಂತೆ. ತಲೆ ಬೋಳಂತೆ, ಬಿಸಿಲು ತಾಗಿದರೆ ತಲೆಸುತ್ತಂತೆ. "ಮುಂಗೋಪ ಬೇರೆ," ಎಂದರು. "ಅಂಥ ಪ್ರಾಣಿ ಮರಳುಗಾಡಲ್ಲಿ ಎರಡು ದಿನ ಬದುಕಲ್ಲ!" ಎಂದು ಕಿರುಚಿ ಫೋನು ಕುಕ್ಕಿದೆ. ವಿಜ್ಞಾನ ಮಾತಾಡುವಾಗ ನನ್ನ ದನಿ ತುಸು ಏರುತ್ತದೆ, ಅದು ಕೋಪವಲ್ಲ.

ಭಾನುವಾರ ಸೀತೂರಿಗೇ ಹೋದೆ. ನಡುಮಧ್ಯಾಹ್ನ, ಖಾಲಿ ಬಿದ್ದ ಕಾಫಿ ಕಣದ ಸಿಮೆಂಟಿನ ಮೇಲೆ ಚಿಕ್ಕಪ್ಪ ಅಂಗಾತ ಮಲಗಿದ್ದಾರೆ! ಎಪ್ಪತ್ತು ದಾಟಿದ ಮನುಷ್ಯ! "ಬೆಳಿಗ್ಗೆಯಿಂದ ನೀರು ಮುಟ್ಟಿಲ್ಲ. ಆ ಪ್ರಾಣಿಗೆ ಹೆಂಗಾಗ್ತದೆ ಅಂತ ನೋಡ್ಬೇಕಂತೆ," ಎಂದು ಚಿಕ್ಕಮ್ಮ ಜಗುಲಿಯಿಂದ ಗೊಣಗಿದರು. ರಟ್ಟೆ ಹಿಡಿದು ಎಬ್ಬಿಸಿದೆ. "ತಡಿಲಿಕ್ಕಾಗದಿಲ್ಲ ಮಾರಾಯ," ಎಂದು ನನ್ನ ಮುಖವನ್ನೇ ನೋಡಿದರು.

ಒಳಗೆ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಪ್ರಾಣಿಯ ಚಿತ್ರ ಬರೆದಿಟ್ಟಿದ್ದರು. ಅದರ ಬೆನ್ನ ಮೇಲೆ ನಾವು ಮಳೆಗೆ ಹೊದೆಯುವ ಕಂಬಳಿಕೊಪ್ಪೆ!

"ಅಲ್ಲಿ ಮಳೆಯೇ ಇಲ್ಲ ಅಂದೋರು ನೀವೇ!"

"ಅಕಸ್ಮಾತ್ ಬಂದ್ರೆ? ಅಲ್ಲಿ ಅದಕ್ಕೆ ಯಾರಿದಾರೆ?"

ಇದಕ್ಕೆ ಯಾವ ಪುಸ್ತಕದಲ್ಲಿ ಉತ್ತರವಿದೆ, ನೀವೇ ಹೇಳಿ! "ನನ್ನ ಕಷ್ಟ ಒಂದು ದಿನ ಕೇಳಿದೀರಾ?" ಎಂದು ರೇಗಿ, ಕಾಫಿಯನ್ನೂ ಕುಡಿಯದೆ ಎದ್ದು ಬಂದೆ.

ಊರು ಬಿಡುವ ದಿನ ಕೊಪ್ಪದ ಬಸ್‌ಸ್ಟ್ಯಾಂಡಿಗೆ ಬಂದರು. ನಾನು ಮುಖ ಕೊಟ್ಟು ಮಾತಾಡಲಿಲ್ಲ. ಬಸ್ಸು ಹೊರಟಾಗ ಕಿಟಕಿಯಲ್ಲಿ ಗಂಟೊಂದನ್ನು ತುರುಕಿ, "ತಲೆಗೆ ಬಟ್ಟೆ ಹಾಕ್ಕ. ಖಾರ ಕಮ್ಮಿ ಹಾಕಿ ಅಂತ ಹೇಳು. ಯಾರ ಮೇಲೂ ರೇಗಬೇಡ," ಎಂದರು.

ಗಂಟು ಬಿಚ್ಚಿದೆ. ಅವರದೇ ಕಂಬಳಿಕೊಪ್ಪೆ. ಬೋಳು ತಲೆ ಸವರಿಕೊಳ್ಳುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಇಷ್ಟು ದಿನ ಅವರು ಕೇಳಿದ್ದು ನನ್ನ ಊಟವನ್ನೇ. ಪಕ್ಕದವರು ನೋಡುತ್ತಿದ್ದರೂ ಅತ್ತುಬಿಟ್ಟೆ.

ಮರುದಿನ ಹೊಸ ಊರಿನ ಎಸ್‌ಟಿಡಿ ಬೂತಿನಿಂದ ಸೀತೂರಿಗೆ ಫೋನು ಮಾಡಿದೆ.

"ಚಿಕ್ಕಪ್ಪ, ಪ್ರಾಣಿ ಜೋಳದ ರೊಟ್ಟಿ ತಿಂತು."



"ನೀರು ಸಿಕ್ತಾ ಅದಕ್ಕೆ?"

"ಸಿಕ್ತು, ಚಿಕ್ಕಪ್ಪ."